ಹನ್ನೊಂದು ವರ್ಷಗಳ ಪಟ್ಟ, ಹತ್ತು ಲಕ್ಷ ಡಾಲರ್ ಬಾಕಿ: ಜೋ ಲೂಯಿಸ್ ಪ್ರಕರಣ

1937ರ ಜೂನ್ 22ರಿಂದ 1949ರ ಮಾರ್ಚ್ 1ರವರೆಗೆ ವಿಶ್ವ ಹೆವಿವೇಟ್ ಬಾಕ್ಸಿಂಗ್ ಪಟ್ಟ ಒಬ್ಬರೇ ವ್ಯಕ್ತಿಯ ಬಳಿ ಇತ್ತು. ಆ ಹನ್ನೊಂದು ವರ್ಷ ಎಂಟು ತಿಂಗಳಲ್ಲಿ ಅಮೆರಿಕದ ಜೋ ಲೂಯಿಸ್ ಅದನ್ನು 25 ಬಾರಿ ಉಳಿಸಿಕೊಂಡರು. ಒಂದೇ ಅವಧಿಯಲ್ಲಿ ಇಷ್ಟು ದೀರ್ಘಕಾಲ ಆ ಪಟ್ಟವನ್ನು ಹಿಡಿದಿಟ್ಟುಕೊಂಡ ಮತ್ತೊಬ್ಬ ಹೆವಿವೇಟ್ ಬಾಕ್ಸರ್ ಈವರೆಗೆ ಬಂದಿಲ್ಲ. ಆದರೆ 1950ರ ದಶಕ ಮುಗಿಯುವ ಹೊತ್ತಿಗೆ ಅದೇ ವ್ಯಕ್ತಿಯ ತಲೆಯ ಮೇಲೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಆದಾಯ ತೆರಿಗೆ ಬಾಕಿ ಇತ್ತು. ಎರಡು ಸಂಸಾರಗಳು ಮುರಿದಿದ್ದವು. ಜೀವನೋಪಾಯಕ್ಕಾಗಿ ಅವರು ಪ್ರದರ್ಶನ ಕುಸ್ತಿಯ ಕಣಕ್ಕೂ ಇಳಿದು ಬಂದಿದ್ದರು. ಇನ್ನೊಂದು ದಶಕ ಕಳೆಯುವಷ್ಟರಲ್ಲಿ ಮಾದಕ ವಸ್ತು ಮತ್ತು ಮಾನಸಿಕ ಕಾಯಿಲೆ ಅವರನ್ನು ಆಸ್ಪತ್ರೆಗೆ ಸೇರಿಸಿದವು.

ಈ ಪತನಕ್ಕೆ ಸಾಮಾನ್ಯವಾಗಿ ಎರಡು ವಿವರಣೆಗಳು ಕೇಳಿಬರುತ್ತವೆ. ಲೂಯಿಸ್ ಕೈ ಬಿಚ್ಚಿ ಖರ್ಚು ಮಾಡಿದ ದುಂದುಗಾರ, ಮಾಡಿದ್ದನ್ನು ಉಂಡರು ಎಂಬುದು ಒಂದು. ಯುದ್ಧಕಾಲದಲ್ಲಿ ದೇಶಕ್ಕೆ ದಾನ ಕೊಟ್ಟ ವೀರನನ್ನು ಸರ್ಕಾರ ತೆರಿಗೆಯ ಹೆಸರಿನಲ್ಲಿ ಹಿಂಡಿತು ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಆದರೆ ಲೆಕ್ಕ ಹಾಕಿ ನೋಡಿದರೆ ಎರಡೂ ಸಾಲುವುದಿಲ್ಲ. ಲೂಯಿಸ್ ಅವರನ್ನು ಚಾಂಪಿಯನ್ ಮಾಡಿದ ವ್ಯವಸ್ಥೆಯಲ್ಲೇ ಅವರ ಮುಂದಿನ ಕಷ್ಟಗಳ ಬೀಜವೂ ಇತ್ತು ಎಂಬುದು ಈ ಬರಹದ ವಾದ. ಕಣದ ಹೊರಗಿನ ಪ್ರತಿಯೊಂದು ತೀರ್ಮಾನವನ್ನೂ ಬೇರೆಯವರು ತೆಗೆದುಕೊಳ್ಳುವುದು, ಹಣ ಬೇಕಾದಾಗ ಮುಂದಿನ ಪಂದ್ಯದ ಲೆಕ್ಕದಲ್ಲಿ ಮುಂಗಡ ಪಡೆಯುವುದು, ಯಾವುದಕ್ಕೂ ಎದುರು ಪ್ರಶ್ನೆ ಕೇಳದಿರುವುದು: ಈ ಮೂರು ಅಭ್ಯಾಸಗಳನ್ನು ಅವರಿಗೆ ಇಪ್ಪತ್ತರ ವಯಸ್ಸಿನಲ್ಲೇ ಕಲಿಸಲಾಗಿತ್ತು.

ಹಿನ್ನೆಲೆ

ಜೋಸೆಫ್ ಲೂಯಿಸ್ ಬ್ಯಾರೋ 1914ರ ಮೇ 13ರಂದು ಅಲಬಾಮ ರಾಜ್ಯದ ಲಾಫೆಯೆಟ್ ಬಳಿ, ಎಂಟು ಮಕ್ಕಳ ಕುಟುಂಬದಲ್ಲಿ ಏಳನೆಯವರಾಗಿ ಹುಟ್ಟಿದರು. ತಂದೆ ಮನ್ರೋ ಬ್ಯಾರೋ ಬೇರೆಯವರ ಜಮೀನನ್ನು ಪಾಲಿಗೆ ಉಳುತ್ತಿದ್ದ ರೈತ. ಮಗುವಿಗೆ ಎರಡು ವರ್ಷವಿರುವಾಗ, 1916ರಲ್ಲಿ, ತಂದೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಅವರು ತೀರಿಕೊಂಡರೆಂಬ ಸುದ್ದಿ ಬಂದ ಮೇಲೆ ತಾಯಿ ಲಿಲ್ಲಿ, ಪ್ಯಾಟ್ ಬ್ರೂಕ್ಸ್ ಎಂಬುವರನ್ನು ಮದುವೆಯಾದರು. ವಾಸ್ತವದಲ್ಲಿ ಮನ್ರೋ ಬ್ಯಾರೋ ಸತ್ತಿರಲಿಲ್ಲ. 1938ರವರೆಗೂ ಅವರು ಆ ಆಸ್ಪತ್ರೆಯ ಗೋಡೆಗಳ ನಡುವೆಯೇ ಬದುಕಿದ್ದರು. ಅಷ್ಟರಲ್ಲಿ ಮಗನ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ತುಂಬಿಹೋಗಿತ್ತು. ತಂದೆಗೆ ಅದರ ಅರಿವಿರಲಿಲ್ಲ.

1926ರಲ್ಲಿ ಕುಟುಂಬ ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ದಕ್ಷಿಣದ ರಾಜ್ಯಗಳ ಜನಾಂಗೀಯ ಹಿಂಸೆಯಿಂದ ತಪ್ಪಿಸಿಕೊಂಡು ಉತ್ತರದ ಕಾರ್ಖಾನೆಗಳತ್ತ ಹೊರಟ ಲಕ್ಷಾಂತರ ಕಪ್ಪು ಜನರಲ್ಲಿ ಈ ಕುಟುಂಬವೂ ಸೇರಿತ್ತು. ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಆರ್ಥಿಕ ಮಹಾಕುಸಿತದಲ್ಲಿ ಅದೂ ಕೈತಪ್ಪಿತು, ನಗರಾಡಳಿತ ಕೊಡುತ್ತಿದ್ದ ಪರಿಹಾರದ ಹಣದಲ್ಲಿ ಮನೆ ನಡೆಯುವ ಸ್ಥಿತಿ ಬಂತು. ಹುಡುಗ ಮರಗೆಲಸ ಕಲಿಸುವ ವೃತ್ತಿ ಶಾಲೆಗೆ ಹೋಗುತ್ತಿದ್ದ. ತಾಯಿ ಪಿಟೀಲು ಪಾಠಕ್ಕೆಂದು ವಾರಕ್ಕೆ 50 ಸೆಂಟ್ ಕೊಡುತ್ತಿದ್ದರು. ಆ ಹಣ ಬ್ರೂಸ್ಟರ್ ಮನರಂಜನಾ ಕೇಂದ್ರದ ಬಾಕ್ಸಿಂಗ್ ಕೋಣೆಗೆ ಹೋಗುತ್ತಿತ್ತು. 1932ರ ಮೊದಲ ಹವ್ಯಾಸಿ ಪಂದ್ಯದಲ್ಲಿ ಪದೇ ಪದೇ ನೆಲಕ್ಕುರುಳಿ ಸೋತವರು ಎರಡು ವರ್ಷಗಳೊಳಗೆ ಲೈಟ್ ಹೆವಿವೇಟ್ ವಿಭಾಗದ ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್ ಆದರು. 1934ರ ಜುಲೈ 4ರಂದು ಶಿಕಾಗೋದಲ್ಲಿ ಆಡಿದ ಮೊದಲ ವೃತ್ತಿಪರ ಪಂದ್ಯದಲ್ಲಿ ಎದುರಾಳಿಯನ್ನು ಮೊದಲ ಸುತ್ತಿನಲ್ಲೇ ಮಲಗಿಸಿದರು. ಕೈಗೆ ಬಂದ ಸಂಭಾವನೆ 59 ಡಾಲರ್.

ಚಾಂಪಿಯನ್ನನ್ನು ಕಟ್ಟಿದವರು

ಲೂಯಿಸ್ ಸುತ್ತ ನಾಲ್ವರಿದ್ದರು. ಡೆಟ್ರಾಯಿಟ್‌ನಲ್ಲಿ ನಂಬರ್ ಜೂಜಿನ ದಂಧೆ ನಡೆಸುತ್ತಿದ್ದ ಜಾನ್ ರಾಕ್ಸ್‌ಬರೋ ಮತ್ತು ಶಿಕಾಗೋದ ಜೂಲಿಯನ್ ಬ್ಲ್ಯಾಕ್ ಮ್ಯಾನೇಜರುಗಳು. ಜ್ಯಾಕ್ ಬ್ಲ್ಯಾಕ್‌ಬರ್ನ್ ತರಬೇತುದಾರ. ಒಂದು ಕಾಲದ ನುರಿತ ಲೈಟ್‌ವೇಟ್ ಬಾಕ್ಸರ್ ಆಗಿದ್ದ ಅವರು ಕೊಲೆ ಪ್ರಕರಣವೊಂದರಲ್ಲಿ ಜೈಲುವಾಸ ಅನುಭವಿಸಿ ಬಂದಿದ್ದರು. ನಾಲ್ಕನೆಯವರು ನ್ಯೂಯಾರ್ಕ್‌ನಲ್ಲಿ ಟಿಕೆಟ್ ಮಾರಾಟದಿಂದ ಮೇಲೆ ಬಂದ, ಪಂದ್ಯಗಳನ್ನು ಏರ್ಪಡಿಸುವ ಬಿಳಿಯ ಪ್ರೊಮೋಟರ್ ಮೈಕ್ ಜೇಕಬ್ಸ್. ಮೊದಲ ಮೂವರು ಕಪ್ಪು ಜನರಾದದ್ದು ಆ ಕಾಲಕ್ಕೆ ಅಪರೂಪ. ತಮ್ಮವನೊಬ್ಬನನ್ನು ಪಟ್ಟಕ್ಕೇರಿಸಬೇಕೆಂಬ ಅವರ ಹಟ ನಿಜವಾದದ್ದೇ ಆಗಿತ್ತು. ಪಂದ್ಯದ ಹಣದಲ್ಲಿ ಅರ್ಧದಷ್ಟು ಮ್ಯಾನೇಜರುಗಳ ಪಾಲಿಗೆ ಹೋಗುತ್ತಿತ್ತು ಎಂಬುದೂ ಅಷ್ಟೇ ನಿಜ.

ಇವರ ಕೆಲಸ ಎಷ್ಟು ಕಠಿಣವಾಗಿತ್ತೆಂದು ತಿಳಿಯಲು ಜ್ಯಾಕ್ ಜಾನ್ಸನ್ ಅವರನ್ನು ನೆನೆಯಬೇಕು. 1908ರಲ್ಲಿ ಪಟ್ಟ ಗೆದ್ದ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆತ. ಸೋತ ಎದುರಾಳಿಗಳನ್ನು ಬಹಿರಂಗವಾಗಿ ಅಣಕಿಸಿದ್ದು, ಬಿಳಿಯ ಮಹಿಳೆಯರನ್ನು ಮದುವೆಯಾದದ್ದು ಅಂದಿನ ಅಮೆರಿಕಕ್ಕೆ ಸಹಿಸಲಾಗಲಿಲ್ಲ. ಅನೈತಿಕ ಉದ್ದೇಶಕ್ಕೆ ಮಹಿಳೆಯರನ್ನು ರಾಜ್ಯದಿಂದ ರಾಜ್ಯಕ್ಕೆ ಕರೆದೊಯ್ಯುವುದನ್ನು ನಿಷೇಧಿಸಿದ್ದ ಮ್ಯಾನ್ ಕಾಯ್ದೆಯಡಿ 1913ರಲ್ಲಿ ಶಿಕ್ಷೆ ವಿಧಿಸಿ ಆತ ದೇಶ ಬಿಡುವಂತೆ ಮಾಡಲಾಯಿತು. 1915ರಲ್ಲಿ ಹವಾನಾದಲ್ಲಿ ಆತ ಪಟ್ಟ ಕಳೆದುಕೊಂಡ ನಂತರ 22 ವರ್ಷಗಳ ಕಾಲ ಒಬ್ಬನೇ ಒಬ್ಬ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಸೆಣಸುವ ಅವಕಾಶ ಸಿಗಲಿಲ್ಲ. ಆದ್ದರಿಂದ ಲೂಯಿಸ್‌ಗೆ ಕೈ, ಬಾಯಿ, ಕಚ್ಚೆಗಳ ಶುದ್ಧಿಯ ಪಾಠ ಹೇಳಿಕೊಡಲಾಯಿತು. ಬಿಳಿಯ ಮಹಿಳೆಯ ಜೊತೆ ಛಾಯಾಚಿತ್ರಕ್ಕೆ ನಿಲ್ಲಬಾರದು, ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದು, ಒಳಒಪ್ಪಂದದ ಪಂದ್ಯ ಆಡಬಾರದು, ಕ್ಯಾಮೆರಾ ಮುಂದೆ ಮುಖದಲ್ಲಿ ಯಾವ ಭಾವವನ್ನೂ ತೋರಬಾರದು. ಪತ್ರಿಕೆಗಳು ಅವರ ನಿರ್ವಿಕಾರ ಮುಖವನ್ನು ಹುಟ್ಟುಗುಣವೆಂದು ವರ್ಣಿಸಿದವು. ಗೆಳೆಯರ ನಡುವೆ ಲೂಯಿಸ್ ತಮಾಷೆಯ ಮನುಷ್ಯರಾಗಿದ್ದರು. ಮೌನ ಅವರಿಗೆ ಕಲಿಸಿದ ವಿದ್ಯೆ, ಮತ್ತು ಅದರ ಪರಿಣಾಮ ಪತ್ರಿಕಾಗೋಷ್ಠಿಗಷ್ಟೇ ಸೀಮಿತವಾಗಲಿಲ್ಲ ಎಂದು ನನಗನಿಸುತ್ತದೆ. ಯಾವ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ, ಎಷ್ಟು ಬಂತು, ಎಷ್ಟು ಹೋಯಿತು ಎಂದು ಕೇಳಬೇಕಾದ ಕಡೆಯೂ ಅವರು ಬಾಯಿ ತೆರೆಯಲಿಲ್ಲ.

ಪಟ್ಟದ ಪಂದ್ಯವೂ ಒಂದು ವ್ಯವಹಾರದ ಫಲವೇ. 1937ರಲ್ಲಿ ಚಾಂಪಿಯನ್ ಜೇಮ್ಸ್ ಬ್ರ್ಯಾಡಕ್ ಕಡೆಯವರು ಲೂಯಿಸ್ ಜೊತೆ ಸೆಣಸಲು ಒಪ್ಪಬೇಕಾದರೆ, ಮುಂದಿನ ಹತ್ತು ವರ್ಷ ಜೇಕಬ್ಸ್ ನಡೆಸುವ ಹೆವಿವೇಟ್ ಪಟ್ಟದ ಪಂದ್ಯಗಳ ಲಾಭದಲ್ಲಿ ಶೇ 10 ತಮಗೆ ಸಲ್ಲಬೇಕೆಂದು ಷರತ್ತು ಹಾಕಿದರು. ಜೇಕಬ್ಸ್ ಒಪ್ಪಿದರು. ಶಿಕಾಗೋದಲ್ಲಿ ಎಂಟನೆಯ ಸುತ್ತಿನಲ್ಲಿ ಬ್ರ್ಯಾಡಕ್ ನಾಕೌಟ್ ಆದರು. ಹೀಗೆ, ಲೂಯಿಸ್ ಗುದ್ದಲಿರುವ ಗುದ್ದುಗಳ ಆದಾಯ ಅವರು ಗುದ್ದುವ ಮೊದಲೇ ಹಂಚಿಹೋಗಿತ್ತು.

ಷ್ಮೆಲಿಂಗ್, ಎರಡು ಬಾರಿ

ಲೂಯಿಸ್ ಅವರ ಆಟದ ತಾಕತ್ತು ಮತ್ತು ದೋಷ ಎರಡನ್ನೂ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ವಿರುದ್ಧದ ಎರಡು ಪಂದ್ಯಗಳು ತೋರಿಸಿದವು. ಬ್ಲ್ಯಾಕ್‌ಬರ್ನ್ ಕಲಿಸಿದ ಶೈಲಿಯಲ್ಲಿ ಕುಣಿತವಿರಲಿಲ್ಲ. ಪಾದಗಳನ್ನು ನೆಲದಿಂದ ಹೆಚ್ಚು ಎತ್ತದೆ ಜಾರಿಸುತ್ತ ಮುಂದೆ ಹೋಗಬೇಕು, ಎಡಗೈಯ ಚುರುಕಾದ ನೇರ ಗುದ್ದು, ಅಂದರೆ ಜ್ಯಾಬ್‌ನಿಂದ ಎದುರಾಳಿಯ ಗಮನ ಕಟ್ಟಿಹಾಕಬೇಕು, ಆರೇಳು ಅಂಗುಲಗಳಷ್ಟೇ ಚಲಿಸುವ ಗಿಡ್ಡ ಗುದ್ದುಗಳನ್ನು ಒಂದರ ಹಿಂದೊಂದು ಇಳಿಸಬೇಕು. ಗುದ್ದು ಹೊರಡುವ ಮುನ್ಸೂಚನೆಯೇ ಎದುರಾಳಿಗೆ ಸಿಗುತ್ತಿರಲಿಲ್ಲ. ಆದರೆ ಜ್ಯಾಬ್ ಹೊಡೆದ ಎಡಗೈಯನ್ನು ಹಿಂದಕ್ಕೆ ತರುವಾಗ ಲೂಯಿಸ್ ಅದನ್ನು ಗಲ್ಲದ ಮಟ್ಟಕ್ಕೆ ತರದೆ ಸ್ವಲ್ಪ ಕೆಳಗೆ ಇಳಿಬಿಡುತ್ತಿದ್ದರು. ಪಂದ್ಯಗಳ ಚಿತ್ರಸುರುಳಿಗಳನ್ನು ಮತ್ತೆ ಮತ್ತೆ ನೋಡಿದ ಷ್ಮೆಲಿಂಗ್ ಆ ಕ್ಷಣದ ತೆರಪನ್ನು ಗುರುತಿಸಿಕೊಂಡರು. ಆ ಹೊತ್ತಿಗೆ ಲೂಯಿಸ್‌ಗೆ ಗಾಲ್ಫ್ ಆಟದ ಹುಚ್ಚು ಹತ್ತಿತ್ತು, ತರಬೇತಿ ಸಡಿಲವಾಗಿತ್ತು. 1936ರ ಜೂನ್ 19ರಂದು ಯಾಂಕೀ ಕ್ರೀಡಾಂಗಣದಲ್ಲಿ, ಎಡಗೈ ಇಳಿದಾಗಲೆಲ್ಲ ಅದರ ಮೇಲಿನಿಂದ ಷ್ಮೆಲಿಂಗ್ ಅವರ ಬಲಗೈ ಬಂದು ದವಡೆಗೆ ಬಿತ್ತು. ನಾಲ್ಕನೆಯ ಸುತ್ತಿನಲ್ಲಿ ಮೊದಲ ಬಾರಿಗೆ ನೆಲಕ್ಕೆ ಬಿದ್ದ ಲೂಯಿಸ್ ಹನ್ನೆರಡನೆಯ ಸುತ್ತಿನಲ್ಲಿ ಮೇಲೇಳಲಿಲ್ಲ.

1938ರ ಜೂನ್ 22ರ ಮರುಪಂದ್ಯದ ಹೊತ್ತಿಗೆ ಇಬ್ಬರು ಬಾಕ್ಸರುಗಳ ನಡುವಿನ ಸ್ಪರ್ಧೆ ಎರಡು ರಾಷ್ಟ್ರಗಳ ಸ್ಪರ್ಧೆಯಾಗಿ ಮಾರ್ಪಟ್ಟಿತ್ತು. ಷ್ಮೆಲಿಂಗ್ ನಾಜಿ ಪಕ್ಷದ ಸದಸ್ಯರಾಗಿರಲಿಲ್ಲ, ಅವರ ಮ್ಯಾನೇಜರ್ ಯಹೂದಿ. ಆದರೂ ಬರ್ಲಿನ್‌ನ ಪ್ರಚಾರಯಂತ್ರ ಅವರನ್ನು ತನ್ನ ಜನಾಂಗ ಸಿದ್ಧಾಂತದ ಪುರಾವೆಯಾಗಿ ಬಳಸಿಕೊಂಡಿತ್ತು. ಸುಮಾರು 70,000 ಪ್ರೇಕ್ಷಕರ ಮುಂದೆ ಲೂಯಿಸ್ 124 ಸೆಕೆಂಡುಗಳಲ್ಲಿ ಪಂದ್ಯ ಮುಗಿಸಿದರು. ಪಕ್ಕೆಗೆ ಬಿದ್ದ ಒಂದು ಬಲಗೈ ಹೊಡೆತಕ್ಕೆ ಷ್ಮೆಲಿಂಗ್ ಚೀರಿದ್ದು ಕಣದ ಪಕ್ಕ ಕೂತವರಿಗೆ ಕೇಳಿಸಿತು. ಅವರ ಬೆನ್ನುಮೂಳೆಗೆ ಪೆಟ್ಟಾಗಿ ಆಸ್ಪತ್ರೆ ಸೇರಬೇಕಾಯಿತು. ತನ್ನ ದೇಶದ ಬಹುಪಾಲು ಹೋಟೆಲುಗಳಲ್ಲಿ ಕೋಣೆ ಸಿಗದ ಮನುಷ್ಯ ಒಂದೇ ರಾತ್ರಿಯಲ್ಲಿ ಆ ದೇಶದ ಪ್ರತಿನಿಧಿಯಾಗಿಬಿಟ್ಟ. ಇದು ಲೂಯಿಸ್ ಬಯಸಿ ಪಡೆದ ಪಾತ್ರವಲ್ಲ, ಆದರೆ ನಿರಾಕರಿಸುವ ದಾರಿಯೂ ಇರಲಿಲ್ಲ.

ಹಣದ ಲೆಕ್ಕ

ಇಡೀ ಪ್ರಕರಣದ ಜೀವಾಳ ಇಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಸಾಗಬೇಕು. ವೃತ್ತಿಜೀವನದುದ್ದಕ್ಕೂ ಲೂಯಿಸ್ ಪಂದ್ಯಗಳಿಂದ ಬಂದ ಸಂಭಾವನೆ ಒಟ್ಟು 46 ಲಕ್ಷ ಡಾಲರಿಗೂ ಹೆಚ್ಚು. ಅದರಲ್ಲಿ ಅವರ ಕೈ ಸೇರಿದ್ದು ಸುಮಾರು 8 ಲಕ್ಷ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. ಕೈ ಸೇರಿದ್ದು ಕೈಯಲ್ಲಿ ನಿಲ್ಲಲಿಲ್ಲ. ತಾಯಿಗೆ ಮನೆ, ಒಡಹುಟ್ಟಿದವರಿಗೆ ಮನೆ, ಕಾರು, ಓದಿನ ಖರ್ಚು. ಕಷ್ಟಕಾಲದಲ್ಲಿ ಕುಟುಂಬ ಪಡೆದಿದ್ದ ಪರಿಹಾರದ ಹಣವನ್ನು ಡೆಟ್ರಾಯಿಟ್ ನಗರಕ್ಕೆ ಮರಳಿ ಕಟ್ಟಿದರು, ಯಾರೂ ಕೇಳಿರಲಿಲ್ಲ. ಜೊತೆಗೆ ಅವರ ಹೆಸರಿನಲ್ಲಿ ರೆಸ್ಟೋರೆಂಟ್, ಹಾಲಿನ ಕಂಪನಿ, ವಿಮಾ ಕಂಪನಿ, ತಂಪು ಪಾನೀಯ, ಕೂದಲಿಗೆ ಹಚ್ಚುವ ಪೊಮೇಡ್, ಸಾಫ್ಟ್‌ಬಾಲ್ ತಂಡ, ಕುದುರೆ ಫಾರ್ಮ್ ಎಲ್ಲವೂ ಹುಟ್ಟಿಕೊಂಡವು, ಎಲ್ಲವೂ ಮುಳುಗಿದವು. ಗಾಲ್ಫ್ ಮೈದಾನದಲ್ಲಿ ಪಣ ಕಟ್ಟಿ ಕಳೆದದ್ದೂ ಕಡಿಮೆಯಲ್ಲ. ಕೈಯಲ್ಲಿ ಹಣವಿಲ್ಲದಾಗ ಜೇಕಬ್ಸ್ ಬಳಿ ಮುಂಗಡ ಸಿಗುತ್ತಿತ್ತು, ಅದು ಮುಂದಿನ ಪಂದ್ಯದ ಲೆಕ್ಕದಲ್ಲಿ ಮುರಿದುಹೋಗುತ್ತಿತ್ತು. 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗೆ ತಿಂಗಳಿಗೊಂದರಂತೆ ಪಟ್ಟದ ಪಂದ್ಯ ಆಡುತ್ತಿದ್ದ ಕಾಲದಲ್ಲಿ ಈ ಪದ್ಧತಿ ಯಾರಿಗೂ ಅಪಾಯಕಾರಿಯಾಗಿ ಕಾಣಲಿಲ್ಲ.

ಮುಂದಿನ ಪಂದ್ಯವೇ ಇಲ್ಲದ ಕಾಲ 1942ರಲ್ಲಿ ಬಂತು. ಜನವರಿ 9ರಂದು ಬಡ್ಡಿ ಬೇರ್ ವಿರುದ್ಧ ಆಡಿದ ಪಂದ್ಯದಿಂದ ನೌಕಾಪಡೆಯ ಪರಿಹಾರ ನಿಧಿಗೆ ಸುಮಾರು 47,000 ಡಾಲರ್, ಮಾರ್ಚ್ 27ರಂದು ಏಬ್ ಸೈಮನ್ ವಿರುದ್ಧದ ಪಂದ್ಯದಿಂದ ಭೂಸೇನೆಯ ನಿಧಿಗೆ ಸುಮಾರು 36,000 ಡಾಲರ್ ಸಂದವು. ಎರಡರ ನಡುವೆ ಲೂಯಿಸ್ ಸಾಮಾನ್ಯ ಸೈನಿಕರಾಗಿ ಸೇನೆ ಸೇರಿದರು. ಆಗಿನ ಸಂಬಳ ತಿಂಗಳಿಗೆ 21 ಡಾಲರ್. ಮುಂದಿನ ವರ್ಷಗಳಲ್ಲಿ ಅವರು ಸೈನಿಕರ ಮುಂದೆ 96 ಪ್ರದರ್ಶನ ಪಂದ್ಯಗಳನ್ನಾಡಿದರು, ಸುಮಾರು 20 ಲಕ್ಷ ಸೈನಿಕರು ಅವುಗಳನ್ನು ನೋಡಿದರು. ಫೋರ್ಟ್ ರೈಲಿ ಶಿಬಿರದಲ್ಲಿ ಮುಂದೆ ಬೇಸ್‌ಬಾಲ್ ಇತಿಹಾಸ ಬದಲಿಸಲಿದ್ದ ಜಾಕಿ ರಾಬಿನ್ಸನ್ ಮತ್ತಿತರ ಕಪ್ಪು ಸೈನಿಕರಿಗೆ ಅಧಿಕಾರಿ ತರಬೇತಿ ಸಿಗುವಂತೆ ತಮ್ಮ ಪ್ರಭಾವ ಬಳಸಿದರು. 1945ರಲ್ಲಿ ಲೀಜನ್ ಆಫ್ ಮೆರಿಟ್ ಪದಕ ಬಂತು. ಆದರೆ ಆ ನಾಲ್ಕು ವರ್ಷ ಸಂಭಾವನೆಯ ಪಂದ್ಯ ಒಂದೂ ಇರಲಿಲ್ಲ, ಮನೆಗಳ ಖರ್ಚು ಮೊದಲಿನಂತೆಯೇ ನಡೆಯುತ್ತಿತ್ತು, ಮುಂಗಡ ಮುಂಗಡವಾಗಿಯೇ ಬೆಳೆಯುತ್ತಿತ್ತು. ಬ್ಲ್ಯಾಕ್‌ಬರ್ನ್ 1942ರಲ್ಲಿ ತೀರಿಕೊಂಡರು. ರಾಕ್ಸ್‌ಬರೋ ಜೂಜಿನ ಪ್ರಕರಣದಲ್ಲಿ ಜೈಲು ಸೇರಿದರು. ಗದರಿಸಿ ಹೇಳಬಲ್ಲವರಿಬ್ಬರೂ ಒಟ್ಟಿಗೇ ಇಲ್ಲವಾದರು.

1946ರ ಜೂನ್ 19ರಂದು ಬಿಲ್ಲಿ ಕಾನ್ ವಿರುದ್ಧದ ಮರುಪಂದ್ಯ ಎಲ್ಲವನ್ನೂ ಸರಿದೂಗಿಸಬೇಕಾಗಿತ್ತು. ಟಿಕೆಟ್ ಸಂಗ್ರಹ 19 ಲಕ್ಷ ಡಾಲರ್ ದಾಟಿತು, ಲೂಯಿಸ್ ಎಂಟನೆಯ ಸುತ್ತಿನಲ್ಲಿ ಗೆದ್ದರು, ಅವರ ಪಾಲು ಸುಮಾರು 6 ಲಕ್ಷ. ಆ ಆರು ಲಕ್ಷದಲ್ಲಿ 1,40,000 ಮ್ಯಾನೇಜರುಗಳಿಗೆ, 66,000 ವಿಚ್ಛೇದಿತ ಪತ್ನಿಗೆ, 2,46,055 ಡಾಲರ್ ತೆರಿಗೆಗೆ ಹೋಯಿತು. ಉಳಿದ ಒಂದೂವರೆ ಲಕ್ಷದಷ್ಟರಲ್ಲಿ ಯುದ್ಧಕಾಲದ ಕೈಸಾಲಗಳು ತೀರಬೇಕಿತ್ತು. ಜೀವಮಾನದ ಅತಿ ದೊಡ್ಡ ಸಂಭಾವನೆ ಬಂದ ವರ್ಷವೇ ಲೂಯಿಸ್ ಬರಿಗೈಯಾಗಿದ್ದರೆಂಬುದನ್ನು ಗಮನಿಸಬೇಕು.

ತೆರಿಗೆ ಇಲಾಖೆ ಹಳೆಯ ವರ್ಷಗಳ ಲೆಕ್ಕವನ್ನೆಲ್ಲ ಮತ್ತೆ ತೆರೆದು 1950ರಲ್ಲಿ ಸುಮಾರು 5 ಲಕ್ಷ ಡಾಲರ್ ಬಾಕಿ ಇದೆಯೆಂದು ನಿರ್ಧರಿಸಿತು. ಲೂಯಿಸ್ ತಮ್ಮ ಹಣಕಾಸನ್ನು ಒಪ್ಪಿಸಿದ್ದು ಜೇಕಬ್ಸ್ ಕಡೆಯವರಿಗೆ. ಕಾನೂನಿನ ಮುಂದೆ ನಿಂತದ್ದು ಮಾತ್ರ ಸಹಿ ಹಾಕಿದ ಲೂಯಿಸ್. ನೌಕಾಪಡೆ ಮತ್ತು ಸೇನೆಗೆ ಕೊಟ್ಟ ಹಣವನ್ನೂ ಇಲಾಖೆ ಅವರ ಆದಾಯವೆಂದೇ ಎಣಿಸಿತು. ಈ ಒಂದು ಅಂಶ ಎಷ್ಟು ಕಟುವಾಗಿದೆಯೆಂದರೆ, ಇಡೀ ಬಾಕಿ ದಾನದಿಂದಲೇ ಹುಟ್ಟಿತು ಎಂಬ ಕಥೆ ಗಟ್ಟಿಯಾಗಿ ನೆಲೆಯೂರಿದೆ. ಎರಡೂ ದಾನ ಸೇರಿಸಿದರೆ ಆಗುವುದು ಸುಮಾರು 83,000 ಡಾಲರ್. ಅಷ್ಟೂ ಹಣವನ್ನು ತೆರಿಗೆಯಾಗಿಯೇ ಕಸಿದುಕೊಂಡರೂ ಐದು ಲಕ್ಷದ ಹತ್ತಿರ ಹೋಗುವುದಿಲ್ಲ. ದಾನ ಗಾಯದ ಮೇಲಿನ ಉಪ್ಪು. ಗಾಯವಾದದ್ದು ಲೆಕ್ಕಪತ್ರವಿಲ್ಲದೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ.

ಬಾಕಿಯ ಸ್ವರೂಪವೇ ತೀರದಂಥದ್ದಾಗಿತ್ತು. ಆಗ ಅಮೆರಿಕದಲ್ಲಿ ಅತಿ ಹೆಚ್ಚಿನ ಆದಾಯದ ಹಂತಕ್ಕೆ ತೆರಿಗೆ ದರ ಶೇ 90ರ ಆಸುಪಾಸಿನಲ್ಲಿತ್ತು. ಐದು ಲಕ್ಷಕ್ಕೆ ವರ್ಷಕ್ಕೆ ಶೇ 6 ಬಡ್ಡಿ ಎಂದು ಹಿಡಿದರೂ 30,000 ಡಾಲರ್ ಆಗುತ್ತದೆ. ಮೇಲಿನ ಹಂತದ ಆದಾಯದಿಂದ, ತೆರಿಗೆ ಕಟ್ಟಿದ ಬಳಿಕ 30,000 ಉಳಿಯಬೇಕಾದರೆ ಗಳಿಸಬೇಕಾದದ್ದು 3 ಲಕ್ಷ. ಅಷ್ಟು ಗಳಿಸಿದರೂ ಅಸಲು ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಮೂವತ್ತೈದು ದಾಟಿದ ಬಾಕ್ಸರ್ ಒಬ್ಬ ಪ್ರತಿ ವರ್ಷ ಇಷ್ಟು ದುಡಿಯಲಾರ. ದುಡಿದಷ್ಟೂ ಹೊಸ ವರ್ಷದ ಹೊಸ ತೆರಿಗೆ ಹಳೆಯ ಬಾಕಿಯ ಪಕ್ಕ ಬಂದು ನಿಲ್ಲುತ್ತದೆ.

ಹೀಗಾಗಿ ನಿವೃತ್ತಿ ನಿವೃತ್ತಿಯಾಗಲಿಲ್ಲ. 1947ರ ಡಿಸೆಂಬರ್ 5ರಂದು ಜರ್ಸಿ ಜೋ ವಾಲ್ಕಾಟ್ ಎಂಬ ಎದುರಾಳಿ ಲೂಯಿಸ್‌ರನ್ನು ಎರಡು ಬಾರಿ ನೆಲಕ್ಕುರುಳಿಸಿದ್ದರು. ಸೋತೆನೆಂದೇ ಭಾವಿಸಿದ ಲೂಯಿಸ್ ತೀರ್ಪು ಪ್ರಕಟವಾಗುವ ಮೊದಲೇ ಕಣ ಬಿಟ್ಟು ಇಳಿಯಲು ಹೊರಟಿದ್ದರು. ತೀರ್ಪು ಅವರ ಪರವಾಗಿ ಬಂತು. ಆರು ತಿಂಗಳ ನಂತರ ವಾಲ್ಕಾಟ್‌ರನ್ನು ನಾಕೌಟ್ ಮಾಡಿ, 1949ರ ಮಾರ್ಚ್‌ನಲ್ಲಿ ಪಟ್ಟ ಬಿಟ್ಟುಕೊಟ್ಟರು. ಪಟ್ಟದ ಆಕಾಂಕ್ಷಿಗಳ ಜೊತೆಗಿನ ಒಪ್ಪಂದಗಳನ್ನು ಜೇಮ್ಸ್ ನಾರಿಸ್ ಮತ್ತು ಆರ್ಥರ್ ವಿರ್ಟ್ಜ್ ಅವರ ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್‌ಗೆ 1,50,000 ಡಾಲರಿಗೆ ಕೊಟ್ಟರು. ಆ ಸಂಸ್ಥೆ ಮುಂದೆ ಏಕಸ್ವಾಮ್ಯ ಸಾಧಿಸಿದ್ದಕ್ಕಾಗಿ 1959ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಅಂದರೆ ಪಟ್ಟವನ್ನು ಬಿಡುವಾಗಲೂ ಲೂಯಿಸ್ ಹೆಸರು ಬೇರೊಬ್ಬರ ಸಾಮ್ರಾಜ್ಯಕ್ಕೆ ಅಡಿಗಲ್ಲಾಯಿತು. ಬಾಕಿಯ ಒತ್ತಡ ಅವರನ್ನು 1950ರ ಸೆಪ್ಟೆಂಬರ್ 27ರಂದು ಎಜ್ಜರ್ಡ್ ಚಾರ್ಲ್ಸ್ ಎದುರು ಮತ್ತೆ ನಿಲ್ಲಿಸಿತು. ಹದಿನೈದು ಸುತ್ತು ಆಡಿ ಅಂಕಗಳಲ್ಲಿ ಸೋತರು. 1951ರ ಅಕ್ಟೋಬರ್ 26ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ರಾಕಿ ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಹೊಡೆದ ಹೊಡೆತಕ್ಕೆ 37 ವರ್ಷದ ಲೂಯಿಸ್ ಹಗ್ಗಗಳ ನಡುವಿನಿಂದ ಹೊರಕ್ಕೆ ಬಿದ್ದರು. ಗೆದ್ದ ಮಾರ್ಸಿಯಾನೊ ಆ ರಾತ್ರಿ ಅತ್ತರು.

1953ರಲ್ಲಿ ತಾಯಿ ತೀರಿಕೊಂಡಾಗ ಮಗನಿಗೆಂದು ಬಿಟ್ಟುಹೋಗಿದ್ದ 667 ಡಾಲರುಗಳನ್ನು ಇಲಾಖೆ ಬಾಕಿಗೆ ಜಮಾ ಮಾಡಿಕೊಂಡಿತು. 1956ರ ಮಾರ್ಚ್‌ನಲ್ಲಿ ಲೂಯಿಸ್ ವಾಷಿಂಗ್ಟನ್‌ನಲ್ಲಿ ಪ್ರದರ್ಶನ ಕುಸ್ತಿಗೆ ಇಳಿದರು. ಹೃದಯದ ತೊಂದರೆ ಕಾಣಿಸಿಕೊಂಡ ಮೇಲೆ ಕುಸ್ತಿ ಬಿಟ್ಟು ತೀರ್ಪುಗಾರರಾದರು. 1960ರ ದಶಕದ ಆರಂಭದಲ್ಲಿ ಇಲಾಖೆ ಅವರ ಚಾಲ್ತಿ ಆದಾಯಕ್ಕೆ ತಕ್ಕಷ್ಟನ್ನೇ ವಸೂಲಿ ಮಾಡಲು ಒಪ್ಪಿದ ನಂತರವೇ ಈ ಅಧ್ಯಾಯ ಒಂದು ನಿಲುಗಡೆಗೆ ಬಂದದ್ದು.

ಸಂಸಾರ

ಮಾರ್ವಾ ಟ್ರಾಟರ್ ಅವರನ್ನು ಲೂಯಿಸ್ ಮದುವೆಯಾದದ್ದು 1935ರ ಸೆಪ್ಟೆಂಬರ್ 24ರಂದು, ಮ್ಯಾಕ್ಸ್ ಬೇರ್ ವಿರುದ್ಧ ಕಣಕ್ಕಿಳಿಯುವುದಕ್ಕೆ ಕೆಲವೇ ಗಂಟೆಗಳ ಮೊದಲು. ಮದುವೆಯ ದಿನವೂ ಪಂದ್ಯದ ವೇಳಾಪಟ್ಟಿಗೆ ಹೊಂದಿಕೊಂಡದ್ದು ಮುಂದಿನ ದಾಂಪತ್ಯದ ಸ್ವರೂಪವನ್ನೇ ಹೇಳುತ್ತದೆ. ತರಬೇತಿ ಶಿಬಿರ, ಪ್ರವಾಸ, ಗಾಲ್ಫ್, ಸೇನೆ. ಮನೆಯಲ್ಲಿ ಅವರಿದ್ದ ದಿನಗಳೇ ವಿರಳ. ಪರಸ್ತ್ರೀಯರ ಸಹವಾಸವನ್ನು ಲೂಯಿಸ್ 1978ರ ತಮ್ಮ ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ಮ್ಯಾನೇಜರುಗಳು ಕಾಪಾಡಿದ್ದು ಸಾರ್ವಜನಿಕ ಚಿತ್ರವನ್ನು. ಕ್ಯಾಮೆರಾ ಇಲ್ಲದ ಕಡೆ ಕಚ್ಚೆಯ ನಿಯಮ ಸಡಿಲವಾಗಿಯೇ ಇತ್ತು. 1945ರಲ್ಲಿ ವಿಚ್ಛೇದನವಾಯಿತು, 1946ರಲ್ಲಿ ಅದೇ ಇಬ್ಬರು ಮತ್ತೆ ಮದುವೆಯಾದರು, 1949ರಲ್ಲಿ ಮತ್ತೆ ಬೇರೆಯಾದರು. ಒಬ್ಬ ಮಗಳು, ಒಬ್ಬ ಮಗ. ಸೌಂದರ್ಯೋದ್ಯಮದಲ್ಲಿ ಹೆಸರು ಮಾಡಿದ್ದ ರೋಸ್ ಮಾರ್ಗನ್ ಜೊತೆ 1955ರ ಕ್ರಿಸ್‌ಮಸ್ ದಿನ ಆದ ಮದುವೆ 1958ರಲ್ಲಿ ಅಸಿಂಧುವಾಯಿತು.

1959ರಲ್ಲಿ ಕೈಹಿಡಿದ ಮಾರ್ಥಾ ಜೆಫರ್ಸನ್ ಲಾಸ್ ಏಂಜಲೀಸ್‌ನ ವಕೀಲೆ. ಲೂಯಿಸ್ ಬದುಕಿನಲ್ಲಿ ಕಾಗದ ಓದಿ ನೋಡಿ ಮಾತಾಡಬಲ್ಲ, ಅವರ ದುಡಿಮೆಯಲ್ಲಿ ಪಾಲು ಕೇಳದ ಮೊದಲ ವ್ಯಕ್ತಿ ಬಹುಶಃ ಇವರೇ. ದಂಪತಿ ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದರು. ಲೂಯಿಸ್ ಕೊನೆಯವರೆಗೂ ಈ ಸಂಸಾರದಲ್ಲೇ ಇದ್ದರು.

ಕಾಯಿಲೆ

1969ರಲ್ಲಿ ಲೂಯಿಸ್ ನ್ಯೂಯಾರ್ಕ್ ಬೀದಿಯೊಂದರಲ್ಲಿ ಕುಸಿದುಬಿದ್ದರು. ದೈಹಿಕ ಬಳಲಿಕೆ ಎಂದು ಆಗ ಹೇಳಲಾಯಿತು. ಕೊಕೇನ್ ಕಾರಣವೆಂಬುದು ಎರಡು ವರ್ಷಗಳ ನಂತರ ಬಯಲಾಯಿತು. ಅಷ್ಟರಲ್ಲಿ ಅವರಿಗೆ ತನ್ನನ್ನು ಕೊಲ್ಲಲು ಸಂಚು ನಡೆದಿದೆ, ಗಾಳಿಯ ಕಿಂಡಿಗಳಿಂದ ವಿಷಾನಿಲ ಬಿಡುತ್ತಿದ್ದಾರೆ ಎಂಬ ಭಯ ಹಿಡಿದಿತ್ತು. ತಂಗಿದ ಹೋಟೆಲ್ ಕೋಣೆಯ ಕಿಂಡಿಗಳನ್ನು ಮುಚ್ಚಿ ಅಂಟಿಸುತ್ತಿದ್ದರು, ನಿದ್ದೆ ಮಾಡುತ್ತಿರಲಿಲ್ಲ. 1970ರಲ್ಲಿ ಪತ್ನಿ ಮತ್ತು ಮಗ ಸೇರಿ ಅವರನ್ನು ಕೊಲರಾಡೊದ ಮಾನಸಿಕ ಆಸ್ಪತ್ರೆಗೆ ದಾಖಲಿಸಿದರು. ಅಲ್ಲೂ ಡೆನ್ವರ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲೂ ಐದು ತಿಂಗಳು ಕಳೆದರು.

ಇದಕ್ಕೆ ತೆರಿಗೆಯ ಚಿಂತೆಯೇ ಕಾರಣ ಎನ್ನುವ ವಾದವನ್ನು ನಾನು ಒಪ್ಪಲಾರೆ. ಆ ಹೊತ್ತಿಗೆ ಇಲಾಖೆಯ ಬಿಗಿ ಸಡಿಲಗೊಂಡು ವರ್ಷಗಳಾಗಿದ್ದವು. ತಂದೆ ಎರಡು ದಶಕಗಳಿಗೂ ಹೆಚ್ಚು ಕಾಲ ಮಾನಸಿಕ ಆಸ್ಪತ್ರೆಯಲ್ಲಿದ್ದ ಚರಿತ್ರೆ, ತಲೆಗೆ ಬಿದ್ದ ವರ್ಷಗಟ್ಟಲೆ ಪೆಟ್ಟು, ಕೊಕೇನ್: ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಪದೇ ಪದೇ ಬೀಳುವ ಗುದ್ದುಗಳು ಬಾಕ್ಸರುಗಳ ಮಿದುಳನ್ನು ಕೆಡಿಸುತ್ತವೆಂದು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದರು, ಅಂದರೆ ಲೂಯಿಸ್ ಮೊದಲ ಬಾರಿ ಕೈಗವಸು ತೊಡುವುದಕ್ಕೂ ಮೊದಲು.

ಗುಣಮುಖರಾಗಿ ಬಂದ ಲೂಯಿಸ್ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೆಸ್ ಕ್ಯಾಸಿನೊದಲ್ಲಿ ಅತಿಥಿಗಳನ್ನು ಸ್ವಾಗತಿಸುವ ಕೆಲಸ ಮಾಡಿದರು. ಸೇನೆಯ ದಿನಗಳ ಗೆಳೆಯನೊಬ್ಬ ಕೊಡಿಸಿದ ಕೆಲಸ ಅದು. ಚಾಂಪಿಯನ್ನನಿಗೆ ಒದಗಿದ ದುರ್ಗತಿಯೆಂದು ಅನೇಕರು ಇದನ್ನು ಮರುಕದಿಂದ ಬಣ್ಣಿಸಿದ್ದಾರೆ. ನಿಯಮಿತ ಸಂಬಳ, ವಾಸಕ್ಕೆ ಮನೆ, ದಿನವೂ ಗಾಲ್ಫ್, ಗುರುತಿಸಿ ಕೈಕುಲುಕುವ ಜನ. ಆ ಮರುಕ ಲೂಯಿಸ್‌ಗೆ ಬೇಕಿತ್ತೆಂದು ನನಗೆ ತೋರುವುದಿಲ್ಲ. 1977ರಲ್ಲಿ ಮಹಾಪಧಮನಿಯ ಶಸ್ತ್ರಚಿಕಿತ್ಸೆಯಾದ ಬಳಿಕ ಗಾಲಿಕುರ್ಚಿ ಹಿಡಿದರು. 1981ರ ಏಪ್ರಿಲ್ 11ರಂದು ಲ್ಯಾರಿ ಹೋಮ್ಸ್ ಮತ್ತು ಟ್ರೆವರ್ ಬರ್ಬಿಕ್ ನಡುವಿನ ಪಟ್ಟದ ಪಂದ್ಯ ನೋಡಿದರು, ಮರುದಿನ ಹೃದಯ ಸ್ತಂಭನದಿಂದ ತೀರಿಕೊಂಡರು. ಅಧ್ಯಕ್ಷ ರೇಗನ್ ನಿಯಮ ಸಡಿಲಿಸಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯುವಂತೆ ಮಾಡಿದರು. ಖರ್ಚು ಹೊತ್ತವರಲ್ಲಿ ಷ್ಮೆಲಿಂಗ್ ಕೂಡ ಒಬ್ಬರು. ಯುದ್ಧದ ನಂತರ ಇಬ್ಬರೂ ಆಪ್ತರಾಗಿದ್ದರು.

ಎಲ್ಲಿ ತಡೆಯಬಹುದಿತ್ತು

ವಿವಾಹ ಮತ್ತು ಕಾಯಿಲೆಗಳ ಹಾದಿ ಬೇರೆಯಾಗುತ್ತಿತ್ತೆಂದು ಹೇಳುವುದು ಕಷ್ಟ, ಆದರೆ ಹಣದ ವಿಷಯದಲ್ಲಿ ಮೂರು ತಿರುವುಗಳನ್ನು ಬೆರಳಿಟ್ಟು ತೋರಿಸಬಹುದು. 1935ರ ಸುಮಾರಿಗೇ ಮ್ಯಾನೇಜರುಗಳಿಂದಲೂ ಪ್ರೊಮೋಟರ್‌ನಿಂದಲೂ ಸಂಬಂಧವಿಲ್ಲದ ಲೆಕ್ಕಿಗನೊಬ್ಬ ಇದ್ದು, ಪ್ರತಿ ಪಂದ್ಯದ ತೆರಿಗೆಯ ಪಾಲನ್ನು ಮೊದಲೇ ಬೇರೆ ಇಟ್ಟಿದ್ದರೆ ಬಾಕಿ ಹುಟ್ಟುತ್ತಲೇ ಇರಲಿಲ್ಲ. 1942ರಲ್ಲಿ ಸೇನೆ ಸೇರುವಾಗ ಮುಂಗಡದ ಪದ್ಧತಿಯನ್ನು ನಿಲ್ಲಿಸಿ ಮನೆಖರ್ಚನ್ನು ಸಂಬಳಕ್ಕೆ ಹೊಂದಿಸಿದ್ದರೆ ಕಾನ್ ಪಂದ್ಯದ ಆರು ಲಕ್ಷದಲ್ಲಿ ಉಳಿದ ಒಂದೂವರೆ ಲಕ್ಷವಾದರೂ ಭವಿಷ್ಯಕ್ಕೆ ಸಿಗುತ್ತಿತ್ತು. ಆದರೆ ಮುಂಗಡ ಕೊಡುವವನಿಗೆ ಅದನ್ನು ನಿಲ್ಲಿಸುವ ಆಸಕ್ತಿ ಇರಲಿಲ್ಲ, ಏಕೆಂದರೆ ಸಾಲದಲ್ಲಿರುವ ಬಾಕ್ಸರ್ ಬೇರೆ ಪ್ರೊಮೋಟರ್ ಬಳಿ ಹೋಗಲಾರ. ಇಲಾಖೆ ಹತ್ತು ವರ್ಷ ತಡವಾಗಿ ಮಾಡಿಕೊಂಡ ರಾಜಿಯನ್ನು 1950ರಲ್ಲೇ ಮಾಡಿಕೊಂಡಿದ್ದರೆ ಚಾರ್ಲ್ಸ್, ಮಾರ್ಸಿಯಾನೊ ಪಂದ್ಯಗಳ ಅಗತ್ಯವೇ ಬೀಳುತ್ತಿರಲಿಲ್ಲ, ಸರ್ಕಾರಕ್ಕೂ ಬಹುಶಃ ಹೆಚ್ಚೇನೂ ನಷ್ಟವಾಗುತ್ತಿರಲಿಲ್ಲ.

ಕಾನೂನಿನಲ್ಲಿದ್ದ ಒಂದು ಕೊರತೆಯನ್ನೂ ಹೇಳಬೇಕು. ಬಾಕ್ಸರ್‌ನ ಆದಾಯ ಒಂದು ವರ್ಷ ಉಕ್ಕಿ, ನಾಲ್ಕು ವರ್ಷ ಬತ್ತುತ್ತದೆ. ತೆರಿಗೆಯಾದರೋ ಪ್ರತಿ ವರ್ಷವನ್ನೂ ಬಿಡಿಯಾಗಿ ಅಳೆಯುತ್ತಿತ್ತು. ಯುದ್ಧದ ನಾಲ್ಕು ಬರಡು ವರ್ಷಗಳಿಗೂ 1946ರ ಉಕ್ಕಿದ ವರ್ಷಕ್ಕೂ ಅದರ ದೃಷ್ಟಿಯಲ್ಲಿ ಸಂಬಂಧವಿರಲಿಲ್ಲ. ಏರಿಳಿತದ ಆದಾಯವನ್ನು ಹಲವು ವರ್ಷಗಳ ಮೇಲೆ ಸರಾಸರಿ ಮಾಡಿ ತೆರಿಗೆ ಕಟ್ಟಲು ಸಾಮಾನ್ಯವಾಗಿ ಎಲ್ಲರಿಗೂ ಅವಕಾಶ ಕೊಟ್ಟದ್ದು, ಜೊತೆಗೆ ಮೇಲಿನ ಹಂತದ ದರವನ್ನು ಶೇ 91ರಿಂದ ಶೇ 70ಕ್ಕೆ ಇಳಿಸಿದ್ದು 1964ರ ಕಂದಾಯ ಕಾಯ್ದೆ. ಲೂಯಿಸ್ ತಮ್ಮ ಕೊನೆಯ ಪಂದ್ಯ ಆಡಿ ಆಗಲೇ ಹನ್ನೆರಡು ವರ್ಷಗಳ ಮೇಲಾಗಿತ್ತು.